ಮಡಿಲು ತುಂಬಿ ಎಬ್ಬಿಸಿದರು

ಹೋದ ವರ್ಷ ತಿಪಟೂರಿನ ಒಂದು ಬಡಾವಣೆಯಲ್ಲಿ, ನನ್ನ ಜೊತೆ ಶಾಲೆಯಲ್ಲಿ ಕೆಲಸ ಮಾಡಿದ್ದ ಮೇಷ್ಟ್ರೊಬ್ಬರ ಹೊಸ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆ. ನಾನಿರುವುದು ತುರುವೇಕೆರೆಯಲ್ಲಿ, ಬಸ್ಸು ಹತ್ತಿದರೆ ದೂರವೇನಲ್ಲ. ಆದರೂ ಆ ಬಡಾವಣೆಯ ಕಡೆಗೆ ಕಾಲಿಟ್ಟು ಎಷ್ಟೋ ವರ್ಷಗಳಾಗಿದ್ದವು. ವಿಳಾಸ ನೋಡಿದಾಗಲೇ ಹೋಗುವುದು ಬೇಡ ಅನ್ನಿಸಿತ್ತು. ಮೇಷ್ಟ್ರು ಒಳ್ಳೆಯವರು, ಮನೆಯ ತನಕ ಬಂದು ಕರೆದಿದ್ದರು, ಅವರ ಮುಖ ನೋಡಿ ಹೊರಟೆ.

ಊಟಕ್ಕೆ ಕೂತಿದ್ದೆವು. ಹಿತ್ತಲಲ್ಲಿ ಅಡಿಗೆಯವರು ತೆಂಗಿನ ಮಟ್ಟೆ, ಕರಟ ಒಟ್ಟಿ ದೊಡ್ಡ ಒಲೆ ಹಚ್ಚಿದ್ದರು. ಗಾಳಿ ತಿರುಗಿ ಹೊಗೆಯೆಲ್ಲ ಶಾಮಿಯಾನದೊಳಕ್ಕೆ ನುಗ್ಗಿತು. ಎಲ್ಲರೂ ಕಣ್ಣುಜ್ಜಿಕೊಂಡು ಅಡಿಗೆಯವರನ್ನು ಬೈದರು. ನನಗೆ ಮಾತ್ರ ಅದು ಅವ್ವನ ಸೆರಗಿನ ವಾಸನೆ. ಅದೇ ನೆಲದ ಮೇಲೆ, ಅದೇ ಹೊಗೆ. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು, ಈ ಬಡಾವಣೆಗೆ ಮೊದಮೊದಲು ಬಂದವರಂತೆ, ನನ್ನ ಕಡೆ ಬಾಗಿ ಹೇಳಿದರು: “ನಾವು ಸೈಟು ತಗೊಂಡಾಗ ಇಲ್ಲೆಲ್ಲ ಸ್ಲಂ ಇತ್ತು ಕಣ್ರೀ ಮೇಡಂ. ಇದೇ ಹೊಗೆ, ಇದೇ ಗಲೀಜು. ಪುಣ್ಯಾತ್ಮರು ಎಲ್ಲ ಖಾಲಿ ಮಾಡ್ಸಿ ಜಾಗ ಕ್ಲೀನ್ ಮಾಡಿದ್ರು.”

ನನ್ನ ಎಲೆಗೆ ಆಗತಾನೆ ಒಬ್ಬಟ್ಟು ಬಡಿಸಿದ್ದರು. ಮೈಯೆಲ್ಲ ಉರಿದುಹೋಯಿತು. ಶುಭಕಾರ್ಯದ ಮನೆಯಲ್ಲಿ ಜಗಳವೇಕೆಂದು ಬಾಯಿ ಕಟ್ಟಿಕೊಂಡು ಎದ್ದು ಬಂದೆ. ಬರೆಯುವಾಗ ಬಾಯಿ ಕಟ್ಟಿಕೊಳ್ಳಬೇಕಾದ ದರ್ದು ನನಗಿಲ್ಲ. ಅವರು ಹೇಳಿದ ಸ್ಲಮ್ಮಿನಲ್ಲೇ ನಾನು ಹುಟ್ಟಿದ್ದು. ಅಲ್ಲಿ ಆಗ ಬಡಾವಣೆಯೂ ಇರಲಿಲ್ಲ, ಸ್ಲಮ್ಮೂ ಇರಲಿಲ್ಲ. ತೆಂಗಿನ ತೋಟವಿತ್ತು, ತೋಟದೊಳಗೆ ನಮ್ಮ ಏಳೆಂಟು ಮನೆಗಳಿದ್ದವು. ಊರು ಇನ್ನೂ ರೈಲ್ವೆ ಸ್ಟೇಷನ್ನು, ಮಂಡಿ, ಬಸ್ ಸ್ಟ್ಯಾಂಡು ಅಂತ ಆ ಕಡೆಯೇ ಇತ್ತು. ನಾವು ಊರಿನ ಹತ್ತಿರಕ್ಕೆ ಹೋಗಲಿಲ್ಲ, ಊರು ನಮ್ಮ ಹತ್ತಿರಕ್ಕೆ ಬಂತು. ಬಂದು, ನಮ್ಮನ್ನು ನೋಡಿ ಮೂಗು ಮುಚ್ಚಿಕೊಂಡಿತು.

ನಮ್ಮ ಮನೆಗಳನ್ನು ಅಟ್ಟದ ಮನೆಗಳು ಅನ್ನುತ್ತಿದ್ದರು. ಮಣ್ಣಿನ ಗೋಡೆ, ತಲೆಯ ಮೇಲೆ ಬಿದಿರು ಹಾಸಿದ ಅಟ್ಟ, ಅದರ ಮೇಲೆ ನಾಡಹೆಂಚು. ತೋಟದಲ್ಲಿ ಕಿತ್ತ ಕಾಯಿಯನ್ನು ಸುಲಿಯದೆ ಹಾಗೆಯೇ ಆ ಅಟ್ಟಕ್ಕೆ ತುಂಬುತ್ತಿದ್ದರು. ಕೆಳಗೆ ನಾವು ಒಲೆ ಉರಿಸಿಕೊಂಡು ಸಂಸಾರ ಮಾಡಬೇಕು. ಆ ಬಿಸಿಗೆ, ಹೊಗೆಗೆ ಮೇಲಿನ ಕಾಯಿಯೊಳಗಿನ ನೀರು ನಿಧಾನವಾಗಿ ಹಿಂಗಬೇಕು. ವರ್ಷ ಕಳೆದ ಮೇಲೆ ಕಾಯಿ ಅಲ್ಲಾಡಿಸಿದರೆ ನೀರಿನ ಸದ್ದು ಹೋಗಿ ಒಳಗೆ ಉಂಡೆ ಕೊಬ್ಬರಿ ಉರುಳುವ ಸದ್ದು ಬರುತ್ತದೆ. ಆಗ ಇಳಿಸಿ, ಸುಲಿದು, ಕರಟ ಒಡೆದು ಮಂಡಿಗೆ ಕಳಿಸುವುದು. ನಮಗೆ ಬಾಡಿಗೆಯಿಲ್ಲ, ಕಾಯಿ ಕಾದದ್ದಕ್ಕೆ ಕೂಲಿಯೂ ಇಲ್ಲ. ನಮ್ಮ ಅಡಿಗೆಯ ಹೊಗೆಯೇ ಯಜಮಾನರಿಗೆ ಕೊಬ್ಬರಿಯಾಗುತ್ತಿತ್ತು. ತಿಪಟೂರಿನ ಕೊಬ್ಬರಿಯ ರುಚಿಯನ್ನು ದೇಶವೇ ಹೊಗಳುತ್ತದೆ. ಅದರಲ್ಲಿ ನಮ್ಮ ಕೆಮ್ಮೂ ಸೇರಿದೆ ಅಂತ ಯಾರಿಗೆ ಗೊತ್ತು.

ಅಟ್ಟದ ವಿಚಾರದಲ್ಲಿ ಒಂದು ಪದ್ಧತಿಯಿತ್ತು. ಕಾಯಿ ಇಳಿಸುವಾಗ ಅಟ್ಟವನ್ನು ಪೂರಾ ಬರಿದು ಮಾಡುವಂತಿಲ್ಲ. ಹೊಸ ಕಾಯಿ ಏರುವ ತನಕ ಮೂಲೆಯಲ್ಲಿ ಒಂದು ಜೊತೆ ಕಾಯಿ ಬಿಟ್ಟಿರಬೇಕು. ಅಟ್ಟದಲ್ಲಿ ಕಾಯಿ ಇರುವಷ್ಟು ದಿನ ಕೆಳಗಿರುವ ಸಂಸಾರವನ್ನು ಯಾರೂ ಏಳು ಅನ್ನುವಂತಿಲ್ಲ. ಇದನ್ನು ಯಾರೂ ಎಲ್ಲೂ ಬರೆದಿರಲಿಲ್ಲ. ಬರೆಯುವ ಅಗತ್ಯ ನಮ್ಮ ಕಡೆಯವರಿಗೂ ಕಂಡಿರಲಿಲ್ಲ, ಯಜಮಾನರ ಕಡೆಯವರಿಗೂ ಕಂಡಿರಲಿಲ್ಲ.

ಯಜಮಾನರೆಂದರೆ ನಂಜಪ್ಪನವರು. ತೋಟ ಅವರದು, ಮಂಡಿಯಲ್ಲಿ ಅಂಗಡಿಯೂ ಅವರದು. ಹಣೆ ತುಂಬ ವಿಭೂತಿ, ಮೆತ್ತಗೆ ಮಾತು, ಎದುರಿಗೆ ಬಂದವರನ್ನೆಲ್ಲ ‘ಏನಪ್ಪ, ಏನವ್ವ’ ಎಂದು ವಿಚಾರಿಸುವ ಮನುಷ್ಯ. ಅವರ ಹೆಂಡತಿಯನ್ನು ನಾವು ಅಮ್ಮಾರು ಅನ್ನುತ್ತಿದ್ದೆವು. ಅವ್ವ ಶೆಟ್ಟಿಕೆರೆ ಕಡೆಯಿಂದ ಮದುವೆಯಾಗಿ ಬಂದವಳು, ಚಿಕ್ಕಂದಿನಲ್ಲೇ ತಾಯಿ ತಂದೆ ಇಲ್ಲದವಳು. ಗೌರಿ ಹಬ್ಬಕ್ಕೆ ಅಮ್ಮಾರು ಅವಳಿಗೆ ತಪ್ಪದೆ ಒಂದು ರವಿಕೆ ಕಣ, ಒಂದು ತೆಂಗಿನಕಾಯಿ ಕೊಡುತ್ತಿದ್ದರು. ಅಷ್ಟಕ್ಕೇ ಅವ್ವ ಆ ಮನೆಯನ್ನು ತನ್ನ ತೌರುಮನೆ ಎಂದು ಎದೆಯಲ್ಲಿಟ್ಟುಕೊಂಡಿದ್ದಳು. ಕೊಬ್ಬರಿ ಒಡೆಯುವ ಹೆಂಗಸರ ನಡುವೆ ಕೂತು “ನಮ್ಮ ಅಮ್ಮಾರು ಹಂಗಂದ್ರು, ನಮ್ಮ ಅಮ್ಮಾರು ಹಿಂಗಂದ್ರು” ಎನ್ನುವಾಗ ಅವಳ ಮುಖ ನೋಡಬೇಕಿತ್ತು.

ನಾನು ಹೇಳುತ್ತಿರುವುದು ಎಪ್ಪತ್ತರ ದಶಕದ ಕೊನೆಯ ಒಂದು ವರ್ಷದ ಮಾತು. ಆಗ ನನಗೆ ಹತ್ತೊಂಬತ್ತು. ಎಸ್ಸೆಸ್ಸೆಲ್ಸಿ ಮುಗಿಸಿ ಅವ್ವನ ಜೊತೆಯಲ್ಲೇ ಕೊಬ್ಬರಿ ಒಡೆಯಲು ಹೋಗುತ್ತಿದ್ದೆ. ಅಪ್ಪ ಮರ ಹತ್ತಿ ಕಾಯಿ ಕೀಳುತ್ತಿದ್ದ. ಆ ವರ್ಷ ಶಿವರಾತ್ರಿ ಕಳೆದ ಮೇಲೆ ಅಟ್ಟದ ಕಾಯಿ ಇಳಿಸಿದೆವು. ಪದ್ಧತಿಯಂತೆ ಜೊತೆ ಕಾಯಿ ಬಿಟ್ಟೆವು. ತೋಟದಲ್ಲಿ ಹೊಸ ಕಾಯಿ ಕಿತ್ತು ರಾಶಿ ಹಾಕಿಯೂ ಆಯಿತು. ಅದು ಅಟ್ಟಕ್ಕೆ ಏರಲಿಲ್ಲ. ಲಾರಿ ಬಂದು ಹಸಿ ಕಾಯಿಯನ್ನೇ ತುಂಬಿಕೊಂಡು ಹೋಯಿತು.

ಅಪ್ಪ ಅಂದೇ ಅನುಮಾನಪಟ್ಟ. “ಹಸಿ ಕಾಯಿ ಮಾರ್ಬುಟ್ರಲ್ಲೇ ರಂಗಿ. ಇವ್ರಿಗೇನು ಬಂತು?”

“ರೇಟು ಸಿಕ್ಕಿರ್ಬೈದು ಬುಡು. ಮುಂದಿನ ಕೀಳಿನ ಕಾಯಿ ಹಾಕ್ತಾರೆ” ಎಂದಳು ಅವ್ವ.

ಮುಂದಿನ ಕೀಳು ಬರಲೇ ಇಲ್ಲ. ಯುಗಾದಿ ಕಳೆದ ಮೇಲೆ ಪ್ಯಾಂಟು ಹಾಕಿದ ಇಬ್ಬರು ಸರಪಳಿ ಹಿಡಿದು ತೋಟ ಅಳೆದರು. ಮಾರನೆಯ ವಾರ ಮರ ಕಡಿಯುವವರು ಬಂದರು. ಕಾಲೇಜಿನವರಿಗೆ, ಬ್ಯಾಂಕಿನವರಿಗೆ, ವರ್ಗವಾಗಿ ಬಂದವರಿಗೆ ಊರಿನಲ್ಲಿ ಮನೆ ಸಾಲದಾಗಿದೆ, ತೋಟಗಳೆಲ್ಲ ಸೈಟಾಗುತ್ತಿವೆ ಎಂದು ಮಂಡಿಯಲ್ಲಿ ಮಾತು. ನಿಜವೇ ಇರಬಹುದು. ಊರು ಬೆಳೆಯಬಾರದು ಎನ್ನುವಷ್ಟು ದಡ್ಡಿ ನಾನಲ್ಲ. ಜನ ಬಂದರೆ ಮನೆ ಬೇಕು, ಮನೆಗೆ ನೆಲ ಬೇಕು. ಆದರೆ ಬಂದವರಿಗೆ ನೆಲ ಬೇಕು ಅನ್ನುವವರಿಗೆ ಇದ್ದವರಿಗೂ ನೆಲ ಬೇಕು ಎಂಬುದು ಯಾಕೆ ಹೊಳೆಯುವುದಿಲ್ಲ? ಈ ಪ್ರಶ್ನೆ ಕೇಳಿ ಕೇಳಿ ನನ್ನ ಗಂಟಲು ಒಣಗಿದೆ.

ಮರಗಳು ಒಂದೊಂದಾಗಿ ಬಿದ್ದವು. ಫಲ ಕೊಡುವ ಮರಗಳು, ಗೊನೆ ತುಂಬ ಎಳನೀರು. ಬಿದ್ದ ಹೊಡೆತಕ್ಕೆ ಕಾಯಿ ಒಡೆದು ನೀರೆಲ್ಲ ಮಣ್ಣುಪಾಲಾಗುತ್ತಿತ್ತು. ಅಪ್ಪ ಒಂದೊಂದು ಮರವನ್ನೂ ಬಲ್ಲ. ಯಾವುದರ ಕಾಯಿಗೆ ತಿರುಳು ದಪ್ಪ, ಯಾವುದರ ಮೇಲೆ ಕೆಂಜಗ ಗೂಡು ಕಟ್ಟುತ್ತದೆ ಎಂದೆಲ್ಲ ಮಾತಾಡುತ್ತಿದ್ದವನು ಆ ದಿನಗಳಲ್ಲಿ ಬಾಗಿಲಿಗೆ ಬೆನ್ನು ಹಾಕಿ ಬೀಡಿ ಸೇದುತ್ತ ಕೂತಿರುತ್ತಿದ್ದ. ಬಿಸಿಲು ಮೊದಲ ಸಲ ನಮ್ಮ ಹೆಂಚಿನ ಮೇಲೆ ನೇರವಾಗಿ ಬಿತ್ತು. ಮನೆಯೊಳಗೆ ಕೂರಲಾಗುತ್ತಿರಲಿಲ್ಲ. ಬಯಲಾದ ಜಾಗದ ನಡುವೆ ನಮ್ಮ ಮನೆಗಳು ಎಲ್ಲರ ಕಣ್ಣಿಗೂ ಬೀಳತೊಡಗಿದವು. ಸೈಟು ನೋಡಲು ಬಂದವರು ನಮ್ಮ ಕಡೆ ಕೈ ತೋರಿಸಿ “ಇವರು ಇರ್ತಾರಾ?” ಎಂದು ಕೇಳುತ್ತಿದ್ದರು. ನಂಜಪ್ಪನವರು “ಇಲ್ಲ ಇಲ್ಲ, ಹೋಗ್ತಾರೆ” ಎನ್ನುತ್ತಿದ್ದರು. ನಾವು ಅಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದೆವು. ನಮಗೆ ಕಿವಿಯಿದೆ ಎಂಬುದೇ ಅವರಿಗೆ ನೆನಪಿರಲಿಲ್ಲವೋ ಏನೋ.

ಪಕ್ಕದ ಮನೆಯ ಕೆಂಪಣ್ಣ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ. ಅಲ್ಲಿ ಯಾರೋ ವಕೀಲರ ಗುಮಾಸ್ತ ಅವನಿಗೆ ಒಂದು ವಿಷಯ ಹೇಳಿದ್ದ. ಭೂಸುಧಾರಣೆಯ ಕಾಲ ಅದು. ಇನ್ನೊಬ್ಬರ ಜಮೀನಿನಲ್ಲಿ ಕೂಲಿ ಮಾಡಿಕೊಂಡು ಅಲ್ಲೇ ಮನೆ ಮಾಡಿಕೊಂಡಿರುವವರಿಗೆ ಆ ಮನೆಯ ಅಡಿಯ ನೆಲ ಕೊಡಿಸುವ ಕಾನೂನು ಇದೆಯಂತೆ, ಅರ್ಜಿ ಹಾಕಬೇಕಂತೆ, ಆದರೆ ಅರ್ಜಿ ಹಾಕುವಾಗ ಮನೆಯಲ್ಲೇ ಇರಬೇಕಂತೆ. ಕೆಂಪಣ್ಣ ಸಂಜೆ ಬಂದು ಎಲ್ಲರನ್ನೂ ಕೂರಿಸಿಕೊಂಡು ಹೇಳಿದ.

“ಒಂದೇ ಮಾತು. ಯಾರು ಬಂದು ಏನೇ ಅನ್ಲಿ, ಯಾರೂ ಮನೆ ಬಿಟ್ಟು ಏಳ್ಬೇಡಿ. ಕೂತಿದ್ರೆ ನೆಲ ನಮ್ದು. ಎದ್ರೆ ಹೋಯ್ತು.”

ಎಲ್ಲರಿಗಿಂತ ಮೊದಲು ತಲೆಯಾಡಿಸಿ ಬೇಡವೆಂದವಳು ಅವ್ವ. “ಅಮ್ಮಾರ ಮ್ಯಾಲೆ ಅರ್ಜಿ ಹಾಕದಾ ಕೆಂಪಣ್ಣ? ತೌರುಮನೆ ಮ್ಯಾಲೆ ಯಾರಾದ್ರೂ ಅರ್ಜಿ ಹಾಕ್ತಾರಾ? ಅಟ್ಟದಾಗೆ ಕಾಯಿ ಐತೆ ಕಣಪ್ಪ. ಅವ್ರು ಹೆಂಗೆ ಎಬ್ಬುಸ್ತಾರೆ?”

“ಲೇ ರಂಗವ್ವ, ಜೊತೆ ಕಾಯಿ ಇಟ್ಕಂಡು ಅದನ್ನೇ ಕೋಟೆ ಅಂದ್ಕಂಡಿದೀಯಲ್ಲೇ” ಎಂದು ಕೆಂಪಣ್ಣ ತಲೆ ಚಚ್ಚಿಕೊಂಡ. ನನಗೂ ಅವನು ಹೇಳಿದ್ದೇ ಸರಿ ಕಂಡಿತು, ಅವ್ವನ ಜೊತೆ ಜಗಳವನ್ನೂ ಆಡಿದೆ. ಅವ್ವ ಜಪ್ಪಯ್ಯ ಅನ್ನಲಿಲ್ಲ. ಅವ್ವ ಹಾಕದೆ ಉಳಿದ ಹೆಂಗಸರು ಹಾಕುವುದಿಲ್ಲ, ಹೆಂಗಸರು ಒಪ್ಪದೆ ಗಂಡಸರು ಹಾಕುವುದಿಲ್ಲ. ಅರ್ಜಿಯ ಮಾತು ಅಲ್ಲಿಗೇ ನಿಂತಿತು.

ಆದರೆ ಆ ಕಾನೂನಿನ ಸುದ್ದಿ ನಂಜಪ್ಪನವರ ಕಿವಿಗೂ ಬಿದ್ದಿತ್ತು. ಅವರು ಬುದ್ಧಿವಂತರು. ಗೂಂಡಾಗಳನ್ನು ಕಳಿಸಿದ್ದರೆ, ಪೊಲೀಸರನ್ನು ಕರೆಸಿದ್ದರೆ ನಾವೂ ಕೂಗಾಡುತ್ತಿದ್ದೆವು, ಮಂಡಿಯ ಹಮಾಲರು ಜೊತೆಗೆ ನಿಲ್ಲುತ್ತಿದ್ದರು. ಅವರು ಅಂಥ ಒರಟು ಕೆಲಸ ಮಾಡುವ ಪೈಕಿಯಲ್ಲ. ಅವರು ಅಮ್ಮಾರನ್ನು ಕಳಿಸಿದರು.

ಭಾದ್ರಪದ ಹುಟ್ಟಿರಲಿಲ್ಲ, ಶ್ರಾವಣದ ಕೊನೆಯ ಸೋಮವಾರ. ಬೆಳಗ್ಗೆಯೇ ಅಮ್ಮಾರು ರೇಷ್ಮೆ ಸೀರೆ ಉಟ್ಟು, ಆಳುಗಳ ಕೈಯಲ್ಲಿ ಮೊರಗಳನ್ನು ಹೊರಿಸಿಕೊಂಡು ಬಂದರು. ಮೊರದಲ್ಲಿ ಅಕ್ಕಿ, ಬೆಲ್ಲ, ಎಲೆ ಅಡಿಕೆ, ಅರಿಶಿನ ಕುಂಕುಮ, ಒಂದೊಂದು ಸೀರೆ, ಒಂದೊಂದು ರವಿಕೆ ಕಣ. ಅಮ್ಮಾರು ನಮ್ಮ ಸಾಲಿಗೆ ಕಾಲಿಟ್ಟದ್ದೇ ಅಪರೂಪ. ಅವ್ವ ಸಂಭ್ರಮದಲ್ಲಿ ಕಾಲುಕಾಲಿಗೆ ತೊಡರಿಕೊಂಡು ಓಡಾಡಿದಳು. ಬಾಗಿಲಿಗೆ ನೀರು ಹಾಕಿದಳು, ಚಾಪೆ ಕೊಡವಿ ಹಾಸಿದಳು, ನನಗೆ ಕಾಫಿಪುಡಿ ತರಲು ಹೇಳಿದಳು. ಗೌರಿ ಬಾಗಿನವನ್ನು ಈ ಸಲ ಮನೆಗೇ ಬಂದು ಕೊಡುತ್ತಿದ್ದಾರೆ ಎಂದುಕೊಂಡಿದ್ದಳು.

ಅಮ್ಮಾರು ಚಾಪೆಯ ಮೇಲೆ ಕೂತು ಮೇಲೆ ನೋಡಿದರು. “ರಂಗಿ, ಆ ಜೊತೆ ಕಾಯಿ ಇಳಿಸಿಕೊಡೇ” ಎಂದರು.

ಅವ್ವ ಏಣಿ ಇಟ್ಟು ತಾನೇ ಹತ್ತಿದಳು. ತಾನೇ ಇಳಿಸಿದಳು. ಅಮ್ಮಾರು ಕೇಳಿದರೆ ಕೊಡದೆ ಇರುವುದುಂಟೇ? ಅಪ್ಪ ಹಾರೆಗೆ ಸಿಕ್ಕಿಸಿ ಸುಲಿದುಕೊಟ್ಟ. ಅವನ ಮುಖ ಆಗಲೇ ಕಪ್ಪಿಟ್ಟಿತ್ತು. ಆಮೇಲೆ ಅಮ್ಮಾರು ಅವ್ವನನ್ನು ಮಣೆಯ ಮೇಲೆ ಕೂರಿಸಿ, ಕುಂಕುಮವಿಟ್ಟು, ಸೆರಗು ಹಿಡಿ ಎಂದು ಅಕ್ಕಿ ತುಂಬತೊಡಗಿದರು. ಐದು ಸಲ ಅಕ್ಕಿ, ಬೆಲ್ಲ, ಆ ಎರಡು ಕಾಯಿ. ಬಾಗಿನಕ್ಕೆ ಯಾರೂ ಮಡಿಲು ತುಂಬುವುದಿಲ್ಲ. ಮಡಿಲು ತುಂಬುವುದು ಮಗಳನ್ನು ತೌರಿನಿಂದ ಕಳಿಸಿಕೊಡುವಾಗ. ಅದು ಅವ್ವನಿಗೆ ಹೊಳೆಯುವ ಹೊತ್ತಿಗೆ ಸೆರಗು ಅರ್ಧ ತುಂಬಿತ್ತು.

“ಅಮ್ಮಾರೆ, ಇದ್ಯಾಕೆ?” ಎಂದಳು.

“ತೌರುಮನೆ ತೌರುಮನೆ ಅಂತೀಯಲ್ಲ ರಂಗಿ. ಹೆಣ್ಣುಮಗಳು ತೌರಲ್ಲಿ ಎಷ್ಟು ದಿನ ಅಂತ ಇರ್ತಾಳೆ? ಕೆರೆ ಕೋಡಿ ಹತ್ರ ಜಾಗ ಇದೆ, ಯಾರೂ ಕೇಳೋರಿಲ್ಲ, ಯಜಮಾನರು ಹೇಳಿದಾರೆ. ಮಡಿಲು ತುಂಬಿ ಕಳಿಸ್ತಾ ಇದೀನಿ. ನಗ್ತಾ ನಗ್ತಾ ಹೋಗ್ಬೇಕು. ಕಣ್ಣಲ್ಲಿ ನೀರು ಹಾಕ್ಬಾರ್ದು.”

ತುಂಬುತ್ತಿರುವ ಮಡಿಲನ್ನು ಕೊಡವಿ ಏಳುವ ಹೆಂಗಸು ನಮ್ಮ ಸೀಮೆಯಲ್ಲಿ ಇಲ್ಲ. ತನ್ನ ಮುತ್ತೈದೆತನವನ್ನೇ ಕೊಡವಿದ ಹಾಗೆ, ಮಕ್ಕಳ ಆಯಸ್ಸನ್ನು ಕೊಡವಿದ ಹಾಗೆ ಎಂದು ಹೆದರುತ್ತಾರೆ. ನಾನು ಬಾಗಿಲಲ್ಲಿ ನಿಂತು “ಅವ್ವಾ, ಎದ್ದೇಳವ್ವ” ಎಂದು ಕೂಗಿದೆ. ಅವ್ವ ನನ್ನ ಕಡೆ ನೋಡಲಿಲ್ಲ. ಎರಡೂ ಕೈಯಲ್ಲಿ ಸೆರಗನ್ನು ಹಿಡಿದುಕೊಂಡೇ ಕೂತಿದ್ದಳು, ಒಂದು ಕಾಳು ಕೆಳಗೆ ಬೀಳದ ಹಾಗೆ. ತುಂಬಿ ಮುಗಿದ ಮೇಲೆ ಪದ್ಧತಿಯಂತೆ ಎದ್ದು ಅಮ್ಮಾರ ಕಾಲಿಗೂ ಬಿದ್ದಳು.

ಅಮ್ಮಾರು ಮುಂದಿನ ಮನೆಗೆ ಹೋದರು. ರಂಗಮ್ಮ ತುಂಬಿಸಿಕೊಂಡಳು ಎಂದ ಮೇಲೆ ಬೇರೆಯವರದೇನು? ಊಟದ ಹೊತ್ತಿಗೆ ಎಲ್ಲ ಮನೆಯ ಹೆಂಗಸರ ಮಡಿಲೂ ತುಂಬಿತ್ತು, ಎಲ್ಲ ಅಟ್ಟವೂ ಬರಿದಾಗಿತ್ತು. ಕೆಂಪಣ್ಣ ಮಂಡಿಯಿಂದ ಓಡಿ ಬರುವಷ್ಟರಲ್ಲಿ ಅವನ ಹೆಂಡತಿಯೂ ಸೆರಗು ಹಿಡಿದು ಕೂತಾಗಿತ್ತು. ಬೆಣ್ಣೆಯಿಂದ ಕೂದಲೆಳೆದಷ್ಟು ಸಲೀಸಾಗಿ ನಮ್ಮನ್ನು ಆ ನೆಲದಿಂದ ತೆಗೆದುಹಾಕಿದರು. ದೇವರ ಹೆಸರಿನಲ್ಲಿ ಕತ್ತು ಕೊಯ್ಯುವವರನ್ನು ನೋಡಿದ್ದೇನೆ. ತಾಯಿಯ ಹೆಸರಿನಲ್ಲಿ ಕೊಯ್ದವರನ್ನು ಅಲ್ಲೇ ನೋಡಿದ್ದು. ಇವತ್ತಿಗೂ ಯಾರಾದರೂ ನಂಜಪ್ಪನವರ ಮನೆಯ ದಾನಧರ್ಮದ ವಿಚಾರ ತೆಗೆದರೆ ನಾನು ಎದ್ದು ಹೋಗುತ್ತೇನೆ.

ವಾರ ಕಳೆಯುವುದರೊಳಗೆ ಟ್ರ್ಯಾಕ್ಟರು ಬಂದು ಗೋಡೆಗಳನ್ನು ಉರುಳಿಸಿತು. ಅಟ್ಟದ ಬಿದಿರನ್ನೂ ಹೆಂಚನ್ನೂ ಯಜಮಾನರ ಕಡೆಯವರೇ ಹೊತ್ತುಕೊಂಡು ಹೋದರು, ಅದು ಅವರದಂತೆ. ನಮ್ಮ ಪಾಲಿಗೆ ಬಂದದ್ದು ಒಲೆಯ ಕಲ್ಲು. ಕೆರೆಯ ಕೋಡಿಯ ಪಕ್ಕದಲ್ಲಿ ಸೋಗೆ ಹೊದಿಸಿ ಗುಡಿಸಲು ಹಾಕಿಕೊಂಡೆವು. ಅಲ್ಲಿ ಆಗಲೇ ಬೇರೆ ತೋಟಗಳಿಂದ ಎದ್ದು ಬಂದವರಿದ್ದರು, ರಸ್ತೆ ಕೆಲಸಕ್ಕೆಂದು ಎಲ್ಲಿಂದಲೋ ಬಂದವರಿದ್ದರು. ಊರಿನ ಚರಂಡಿ ನೀರು ಬಂದು ಸೇರುತ್ತಿದ್ದುದೂ ಅಲ್ಲಿಗೇ. ಯಾರೂ ಕೇಳೋರಿಲ್ಲ ಎಂದು ಅಮ್ಮಾರು ಹೇಳಿದ್ದು ಸುಳ್ಳಲ್ಲ.

ಆಶ್ವಯುಜದಲ್ಲಿ ಮಳೆ ಹಿಡಿಯಿತು. ಕೆರೆ ತುಂಬಿ ಕೋಡಿ ಬಿತ್ತು. ಊರಿನವರು ಗುಂಪುಗುಂಪಾಗಿ ಬಂದು ಏರಿಯ ಮೇಲೆ ನಿಂತು ಕೋಡಿ ನೋಡಿದರು, ಕೆರೆಗೆ ಬಾಗಿನ ಕೊಟ್ಟರು, ಮಂಡಕ್ಕಿ ತಿಂದರು. ಕೆಳಗೆ ನಮ್ಮ ಗುಡಿಸಲೊಳಗೆ ಮೊಣಕಾಲಿನ ತನಕ ನೀರು. ಅಪ್ಪನೂ ನಾನೂ ಸಾಮಾನು ತಲೆಯ ಮೇಲೆ ಹೊತ್ತು ನಿಂತಿದ್ದೆವು. ಅವ್ವ ಹಿಟ್ಟಿನ ಮಡಕೆಯನ್ನು ಎದೆಗವಚಿಕೊಂಡಿದ್ದಳು. ಒಲೆ ಹೊತ್ತಿಸಲು ಒಣಗಿದ ಜಾಗ ಒಂದು ಗೇಣೂ ಇರಲಿಲ್ಲ. ವರ್ಷಗಟ್ಟಲೆ ಇನ್ನೊಬ್ಬರ ಕಾಯಿ ಒಣಗಿಸಿಕೊಟ್ಟವಳು ತನ್ನ ಒಂದು ಸೀರೆ ಒಣಗಿಸಿಕೊಳ್ಳಲು ಏರಿಯ ಈ ತುದಿಯಿಂದ ಆ ತುದಿಗೆ ತಿರುಗಿದಳು. ನೀರು ಇಳಿದ ಮೇಲೆ ಮೂಗಿಗೆ ಕರ್ಚೀಫು ಕಟ್ಟಿಕೊಂಡ ಕೆಲವರು ಬಂದು ಗುಡಿಸಲು ಎಣಿಸಿದರು. ಅವರ ಬಾಯಲ್ಲೇ ನಾನು ಕೊಳಗೇರಿ ಎಂಬ ಪದವನ್ನು ಮೊದಲು ಕೇಳಿದ್ದು. ಸೈಟಿಗೆ ಜಾಗ ಮಾಡಿಕೊಟ್ಟವರಿಗೆ ಊರು ಕೊಟ್ಟ ಬಿರುದು ಅದು.

ಆ ಮಳೆಯಲ್ಲಿ ಅವ್ವ ಬದಲಾದಳು. ಒಂದು ದಿನ ತಾನಾಗಿಯೇ ಕೆಂಪಣ್ಣನ ಹತ್ತಿರ ಹೋಗಿ “ಅದೇನೋ ಅರ್ಜಿ ಅಂದ್ಯಲ್ಲಪ್ಪ, ಹಾಕನ ನಡಿ” ಎಂದಳು. ಕೆಂಪಣ್ಣ ಬೈಯಲೂ ಇಲ್ಲ, ನಗಲೂ ಇಲ್ಲ. ಹೆಗಲ ಮೇಲೆ ಟವಲು ಹಾಕಿಕೊಂಡು ಹೊರಟ. ಎಲ್ಲರ ಪರವಾಗಿ ಅರ್ಜಿಯನ್ನು ನಾನೇ ಬರೆದೆ.

ಅದು ಯಾವ ಕಚೇರಿ ಎಂದು ಇಲ್ಲಿ ಹೇಳುವುದಿಲ್ಲ. ಸಾಹೇಬರು ಕೆಟ್ಟವರೇನಲ್ಲ, ಕೂರಲು ಹೇಳಿದರು, ಅರ್ಜಿ ಓದಿದರು. ಅವರ ಹತ್ತಿರ ನಂಜಪ್ಪನವರ ಕಡೆಯ ಹೇಳಿಕೆ ಮೊದಲೇ ಬಂದು ಕೂತಿತ್ತು. ಅವರು ಕೇಳಿದ್ದು ಎರಡೇ ಮಾತು.

“ಮಡಿಲು ತುಂಬಿ, ಸೀರೆ ಕೊಟ್ಟು, ಮರ್ಯಾದೆಯಿಂದ ಕಳಿಸಿದೀವಿ ಅಂತಾರೆ. ನಿಜವೇನಮ್ಮ?”

“ದಿಟ ಸ್ವಾಮಿ” ಎಂದಳು ಅವ್ವ.

“ನೀನು ತಗೊಂಡೆಯಾ?”

“ತಕ್ಕಂಡೆ ಸ್ವಾಮಿ.”

“ಮತ್ತೆ? ಒಪ್ಪಿ ತಾನೆ ಹೋಗಿದ್ದು. ಯಾರೂ ಬಲವಂತ ಮಾಡಿಲ್ಲ, ಹೊಡೆದಿಲ್ಲ, ಬೈದಿಲ್ಲ. ಇದರಲ್ಲಿ ನಾನೇನು ಮಾಡಲಿ?”

ನಾನು ಎದ್ದು ಜೋರಾಗಿ ಮಾತಾಡಿದೆ. ಮಡಿಲು ತುಂಬುವಾಗ ಬೇಡವೆನ್ನಲು ಆಗುವುದಿಲ್ಲ, ಅದು ನಿಮ್ಮ ಮನೆಯ ಹೆಂಗಸರಿಗೂ ಗೊತ್ತು, ಹೋಗಿ ಕೇಳಿ ಎಂದೆ. ಸಾಹೇಬರ ಮುಖ ಕೆಂಪಾಯಿತು. ಕೆಂಪಣ್ಣ ನನ್ನ ರಟ್ಟೆ ಹಿಡಿದು ಆಚೆಗೆ ಕರೆದುಕೊಂಡು ಬಂದ. ಅವ್ವ ಮನೆಗೆ ಬಂದು ಟ್ರಂಕಿನಿಂದ ಅಮ್ಮಾರು ಕೊಟ್ಟ ಸೀರೆ, ರವಿಕೆ ಕಣ ತೆಗೆದಿಟ್ಟಳು. ಮಡಿಕೆಯನ್ನೂ ಬಿಚ್ಚಿರಲಿಲ್ಲ. ಕೋಡಿ ಬಿದ್ದಾಗ ಆ ಜೊತೆ ಕಾಯಿಯ ಕೊಬ್ಬರಿಯನ್ನು ಕಡಿದುಕೊಂಡೇ ಎರಡು ದಿನ ತಳ್ಳಿದ್ದೆವು, ನೀರು ಇಳಿದ ಮೇಲೆ ಮಡಿಲಿನ ಅಕ್ಕಿಯನ್ನು ಗಂಜಿ ಕಾಯಿಸಿ ಕುಡಿದಿದ್ದೆವು. ಅವ್ವ ಕೂಲಿಯ ದುಡ್ಡಿನಲ್ಲಿ ಅಷ್ಟೇ ಅಕ್ಕಿ ತಂದಳು, ಬೆಲ್ಲ ತಂದಳು. ಅಂಗಡಿಯಲ್ಲಿ ನಿಂತು ಎರಡು ತೆಂಗಿನಕಾಯಿಯನ್ನೂ ಕೊಂಡಳು. ಲೆಕ್ಕವಿಲ್ಲದಷ್ಟು ಕಾಯಿ ಅವಳ ಕೈಯಲ್ಲಿ ಒಡೆದಿದ್ದವು, ಅವಳು ಕಾಸು ಕೊಟ್ಟು ಕಾಯಿ ಕೊಂಡದ್ದನ್ನು ನಾನು ಅವತ್ತೇ ನೋಡಿದ್ದು.

“ಏನ್ ಮಾಡ್ತೀಯವ್ವ?” ಎಂದೆ.

“ಬತ್ತೀಯಾ ಜೊತೇಲಿ? ಬರಂಗಿದ್ರೆ ಬಾ” ಎಂದಳು.

ನಂಜಪ್ಪನವರ ಜಗುಲಿಯ ಮೇಲೆ ಸೈಟು ಕೊಳ್ಳಲು ಬಂದವರು ಕೂತಿದ್ದರು. ನಂಜಪ್ಪನವರು ನಕ್ಷೆ ಹರಡಿಕೊಂಡು ತೋರಿಸುತ್ತಿದ್ದರು. “ಏನವ್ವ ರಂಗಮ್ಮ?” ಎಂದರು, ಎಂದಿನಂತೆ ಮೆತ್ತಗೆ. ಅವ್ವ ಅವರಿಗೆ ಉತ್ತರ ಕೊಡದೆ ಬಾಗಿಲಿಗೆ ಹೋಗಿ “ಅಮ್ಮಾರೇ” ಎಂದು ಕರೆದಳು. ಅಮ್ಮಾರು ಕೈ ಒರೆಸಿಕೊಳ್ಳುತ್ತ ಬಂದರು. ಅವ್ವ ಹೊಸಿಲಿನ ಈಚೆ ನಿಂತು, ಸೆರಗಿನಲ್ಲಿ ಕಟ್ಟಿಕೊಂಡಿದ್ದ ಗಂಟು ಬಿಚ್ಚಿ, ಅಕ್ಕಿಯನ್ನೆಲ್ಲ ಹೊಸಿಲಿನ ಮೇಲೆ ಸುರಿದುಬಿಟ್ಟಳು. ಕಾಯಿ ಉರುಳಿಕೊಂಡು ಒಳಗೆ ಹೋದವು. ಸೀರೆ, ರವಿಕೆ ಕಣವನ್ನು ಅಕ್ಕಿಯ ಮೇಲಿಟ್ಟಳು.

“ತುಂಬಿದ ಮಡ್ಲು ವಾಪಸ್ ತಂದಿವ್ನಿ ಅಮ್ಮಾರೆ. ನನಗೆ ತೌರಿಲ್ಲ. ಮೊದ್ಲೂ ಇರ್ಲಿಲ್ಲ.”

ಅಮ್ಮಾರು ಕಿಟಾರನೆ ಕಿರುಚಿ ಹಿಂದಕ್ಕೆ ಸರಿದರು. ಹೊಸಿಲಿನ ಮೇಲೆ ಮಡಿಲು ಸುರಿಯುವುದೆಂದರೆ ಶಾಪಕ್ಕಿಂತ ಕೆಟ್ಟದ್ದು. ಜಗುಲಿಯ ಮೇಲಿದ್ದವರು “ಛೆ ಛೆ, ಎಂಥ ಹೆಂಗಸು, ಎಂಥ ಅಪಶಕುನ” ಎಂದರು. ಸಂಜೆಯೊಳಗೆ ಊರಿಗೆಲ್ಲ ಸುದ್ದಿ ಹರಡಿತು. ಫಲದ ಮರ ಕಡಿದದ್ದು ಅಪಶಕುನವಾಗಿರಲಿಲ್ಲ. ಒಲೆ ಉರಿಯುವ ಮನೆಗಳ ಮೇಲೆ ಟ್ರ್ಯಾಕ್ಟರು ಓಡಿಸಿದ್ದು ಅಪಶಕುನವಾಗಿರಲಿಲ್ಲ. ಸೇರಕ್ಕಿ ಹೊಸಿಲಿನ ಮೇಲೆ ಬಿದ್ದದ್ದು ಮಾತ್ರ ಇಡೀ ಊರಿಗೆ ಅಪಶಕುನವಾಯಿತು. ಅಂದಿನಿಂದ ಯಾವ ಮಂಡಿಯವರೂ ಅವ್ವನನ್ನು ಕೊಬ್ಬರಿ ಒಡೆಯಲು ಕರೆಯಲಿಲ್ಲ.

ಆದರೆ ಅವ್ವ ಅಲ್ಲಿಂದ ನೇರವಾಗಿ ಗುಡಿಸಲಿಗೆ ಬರಲಿಲ್ಲ. ಸೆರಗು ಕೊಡವಿಕೊಂಡು ಕಚೇರಿಯ ದಾರಿ ಹಿಡಿದಳು. ಬೇಡವೆಂದು ನಾನು ಎಷ್ಟು ಹೇಳಿದರೂ ಕೇಳದೆ ಮೆಟ್ಟಿಲು ಹತ್ತಿ ಸಾಹೇಬರ ಮೇಜಿನ ಮುಂದೆ ಹೋಗಿ ನಿಂತಳು.

“ಸ್ವಾಮಿ, ಮಡ್ಲು ವಾಪಸ್ ಕೊಟ್ಟು ಬಂದಿವ್ನಿ. ಕೇಳ್ಕಳಿ ಬೇಕಾದ್ರೆ, ಹತ್ತು ಜನ ನೋಡವ್ರೆ. ಈಗ ನಾನು ಒಪ್ಪಿಲ್ಲ. ಬರ್ಕಳಿ.”

ಸಾಹೇಬರು ಕನ್ನಡಕ ತೆಗೆದು ಅವಳನ್ನೇ ನೋಡಿದರು. “ಅಲ್ಲಮ್ಮ, ಅಲ್ಲೀಗ ಮನೆಯೇ ಇಲ್ಲವಲ್ಲ. ರಸ್ತೆ ಆಗಿದೆ, ಸೈಟಿನ ಕಲ್ಲು ನೆಟ್ಟಿದಾರೆ. ಇಲ್ಲದಿರೋ ಮನೆಗೆ ಏನಂತ ಅರ್ಜಿ ತಗೊಳ್ಳಲಿ?”

“ಮನೆ ಇಲ್ಲ ಅಂತ್ಲೇ ಅಲ್ವಾ ಸ್ವಾಮಿ ನಾನು ಬಂದಿರದು? ಇದ್ದಿದ್ರೆ ನಿಮ್ತಾವ ನನಗೇನು ಕೆಲ್ಸ?”

ಸಾಹೇಬರು ಗಡಿಯಾರ ನೋಡಿಕೊಂಡು ಪೆನ್ನಿಗೆ ಕ್ಯಾಪು ಹಾಕಿದರು. ಜವಾನ ಮುಂದಿನವರ ಹೆಸರು ಕೂಗಿದ. ಅವ್ವ ಕದಲಲಿಲ್ಲ; ಮೇಜಿನ ಎದುರಿಗೆ, ಸಿಮೆಂಟಿನ ನೆಲದ ಮೇಲೆ, ಕಾಲು ಮಡಚಿ ಕೂತುಬಿಟ್ಟಳು. ಜವಾನ ಬಂದು ಅವಳ ಪಕ್ಕ ನಿಂತ.

“ಏಳಮ್ಮ, ಎದ್ದೇಳು.”

“ಎದ್ದು ಎಲ್ಲಿಗೋಗ್ಲಪ್ಪ?” ಎಂದಳು ಅವ್ವ.